ಎರಡು ದಿನದ ಗಡುವು

“ಗುರುಗಳೇ, ಸಾಧನೆಗೆಂದು ಒಬ್ಬನೇ ಬೆಟ್ಟಕ್ಕೆ ಹೋಗುವವನು ಯಾರಿಗಾದರೂ ಹೇಳಿ ಹೋಗಬೇಕೆ? ಅದೂ ಒಂದು ಬಂಧನವಲ್ಲವೆ?” ಎಂದು ಶಿಷ್ಯನೊಬ್ಬ ಕೇಳಿದ. ಅವನ ಗಂಟು ಆಗಲೇ ಬಾಗಿಲ ಬಳಿ ಇತ್ತು. ಹೊರಡುವುದೊಂದೇ ಬಾಕಿ.

ಗುರುಗಳು ಒಂದು ಕತೆ ಹೇಳಿದರು.

ಕಾಡು ಸುತ್ತುವ ಆಸೆಯಿಂದ ಒಬ್ಬ ಪ್ರವಾಸಿ ಕೆರೆಯ ದಡದ ಸಣ್ಣ ಹಳ್ಳಿಗೆ ಬಂದ. ಹತ್ತು ಹನ್ನೆರಡು ಮನೆಗಳ ಊರು. ಊರು ಮುಗಿದಲ್ಲಿಂದ ಕಾಡು. ಒಬ್ಬ ಅಜ್ಜಿಯ ಮನೆಯಲ್ಲಿ ಇಳಿದುಕೊಂಡ. ಬೆಳಿಗ್ಗೆ ಹೋಗುವುದು, ಸಂಜೆ ಬರುವುದು. ಅಂದರೆ ಮನೆ ಅವನಿಗೆ ಊಟಕ್ಕೆ, ನಿದ್ದೆಗೆ ಮಾತ್ರ.

ಮೊದಲ ದಿನ ಹೊರಟಾಗ ಅಜ್ಜಿ ಕೇಳಿದಳು: “ತಮ್ಮಾ, ನಿನ್ನ ಬಗ್ಗೆ ನಾವು ಎಷ್ಟು ಹೊತ್ತಿಗೆ ಹೆದರೋಣ?”

ಯಾವಾಗ ಬರುತ್ತೀ ಎಂದು ಕೇಳುವುದು ಎಲ್ಲ ಕಡೆಯ ರೂಢಿ. ಇದೆಂಥ ಪ್ರಶ್ನೆ ಎಂದು ಅವನಿಗೆ ಕುತೂಹಲವಾಯಿತು. ಅಜ್ಜಿ ವಿವರಿಸಿದಳು. ಕಾಡಿಗೆ ಹೋಗುವವರು ಒಂದು ಹೊತ್ತು ಹೇಳಬೇಕು. ಅದು ಮೀರಿದರೆ ಊರಿಗೆ ಊರೇ ಹುಡುಕಲು ಹೊರಡುತ್ತದೆ. ಅದಕ್ಕೆ ಮೊದಲು ಯಾರೂ ಹೊರಡುವುದಿಲ್ಲ. ಹಿಂದೆ ಮೊದಲೇ ಹುಡುಕಿಕೊಂಡು ಹೋಗಿ, ಕಾಡಿಗೆ ಹೋದವರಿಂದಲೇ ಬೈಸಿಕೊಂಡದ್ದು ಊರಿಗೆ ಸಾಕಾಗಿತ್ತು.

“ಹೇಳದೆ ಹೋದರೆ, ಅಜ್ಜಿ?”

“ನೀನು ಹೊಸ್ತಿಲು ದಾಟಿದಾಗಿನಿಂದಲೇ ಹೆದರಬೇಕು. ಆಮೇಲೆ ಸಾರಿಗೆ ಒಗ್ಗರಣೆ ಹಾಕುವವರು ಯಾರು, ನಿಮ್ಮಪ್ಪನೇ?”

ಅವನು ನಕ್ಕು, ಸೂರ್ಯ ಮುಳುಗುವ ಹೊತ್ತು ಹೇಳಿದ. ಮೂರು ದಿನ ಹಾಗೇ ನಡೆಯಿತು. ಆದರೆ ಗುಡ್ಡದ ಆಚೆ ಏನಿದೆ ಎಂದು ನೋಡುವ ಮೊದಲೇ ಪ್ರತಿದಿನವೂ ಹಿಂತಿರುಗಬೇಕಾಗುತ್ತಿತ್ತು. ನಾಲ್ಕನೆಯ ಬೆಳಿಗ್ಗೆ ಅವನು, “ನಾಡಿದ್ದು ಬೆಳಗಿನ ತನಕ ಯಾರೂ ನನ್ನ ಚಿಂತೆ ಮಾಡಬೇಡಿ” ಎಂದ. ಅಜ್ಜಿ ಎರಡು ದಿನಕ್ಕಾಗುವಷ್ಟು ರೊಟ್ಟಿ ಕಟ್ಟಿಕೊಟ್ಟಳು.

ಅರ್ಧ ಗಂಟೆಯೂ ನಡೆದಿರಲಿಲ್ಲ, ಊರ ಮೇಲಿನ ಕೊರಕಲಿನಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡ. ನೀರಿನ ಸೋರೆಬುರುಡೆ ಒಡೆದುಹೋಯಿತು. ಕೆರೆಯ ಕಡೆಯಿಂದ ಅವನತ್ತ ಗಾಳಿ ಬೀಸುತ್ತಿತ್ತು. ಹಾಗಾಗಿ ಬಟ್ಟೆ ಒಗೆಯುವ ಸದ್ದು, ಅಜ್ಜಿ ಕೋಳಿಗಳನ್ನು ಬೈಯುವುದು ಎಲ್ಲವೂ ಅವನಿಗೆ ಕೇಳಿಸುತ್ತಿತ್ತು. ಅವನ ಕೂಗು ಮಾತ್ರ ಗಾಳಿಗೆ ಎದುರಾಗಿ ಕೆಳಗೆ ಇಳಿಯಲಿಲ್ಲ. ಎರಡನೆಯ ದಿನ ಬಾಯಾರಿ ಗಂಟಲು ಕಟ್ಟಿಹೋಯಿತು. ಆಗ ಅಜ್ಜಿ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು: “ಅವನೇ? ನಾಳೆ ಬೆಳಗಿನ ತನಕ ಅವನ ಚಿಂತೆಯಿಲ್ಲ.”

ಮರುದಿನ ಸೂರ್ಯ ಹುಟ್ಟುತ್ತಿದ್ದಂತೆ ಊರಿನವರೆಲ್ಲ ಗುಡ್ಡ ಹತ್ತಿದರು. ಅರ್ಧ ಗಂಟೆಯಲ್ಲಿ ಅವನು ಸಿಕ್ಕಿದ. ಜೀವ ಇನ್ನೂ ಇತ್ತು.

ಶಿಷ್ಯ ನಿಟ್ಟುಸಿರು ಬಿಟ್ಟ. “ಪಾಪ, ಆ ಎರಡು ದಿನ ಅವನು ಹೇಗಿದ್ದನೋ” ಎಂದ.

ಗುರುಗಳು ಹೇಳಿದರು: “ಯಾವ ಬಂಧನವೂ ಇಲ್ಲದೆ ಇದ್ದ.”