ಗೇಟಿಗೆ ಬಡಿದ ಬಾಗಿನ

ಅಣೆಕಟ್ಟು ತುಂಬಿತೆಂದು ದೊಡ್ಡವರೆಲ್ಲ ಬಂದು, ನದಿಗೆ ಬಾಗಿನ ಬಿಟ್ಟು, ಕೈಮುಗಿದು ಫೋಟೊ ತೆಗೆಸಿಕೊಂಡು ಹೋದರು. ಸೀರೆ, ಬಳೆ, ಅರಿಶಿನ ಹೊತ್ತ ಬಾಗಿನದ ಮೊರ ಬೀಗುತ್ತಾ ತೇಲಿತು. ಅಣೆಕಟ್ಟಿನ ಗೋಡೆಯಾಚೆಯಿಂದ ಹತ್ತಿ ಬಂದ ನೀರುನಾಯಿಯೊಂದು ಅದಕ್ಕೆ ಅಡ್ಡ ನಿಂತಿತು. ಅದರ ಮೈಗೆಲ್ಲ ಕಪ್ಪು ಜಿಡ್ಡು ಮೆತ್ತಿತ್ತು.

“ದಾರಿ ಬಿಡು,” ಎಂದಿತು ಮೊರ. “ನದಿತಾಯಿಗೆ ಉಡುಗೊರೆ ತಂದಿದ್ದೇನೆ. ಅವಳ ಜೊತೆ ಸಮುದ್ರದವರೆಗೂ ಹೋಗುತ್ತೇನೆ.”

“ಹೋಗು, ಅದನ್ನೂ ನೋಡೋಣ.”

ಮೊರ ಹೋಗಿ ಕಬ್ಬಿಣದ ಗೇಟಿಗೆ ಬಡಿಯಿತು. “ಬಾಗಿಲು ತೆಗೆ!”

“ಅಪ್ಪಣೆಯಿಲ್ಲ,” ಎಂದಿತು ಗೇಟು.

ನೀರುನಾಯಿಗೆ ಮೈಯೆಲ್ಲ ಉರಿದುಹೋಯಿತು. “ಬಾಗಿನ ಕೊಟ್ಟ ಮೇಲೆ ಹೆಣ್ಣುಮಗಳನ್ನು ಮರ್ಯಾದೆಯಿಂದ ಕಳಿಸಿಕೊಡುತ್ತಾರೆ ಕಣೋ! ನಿನ್ನವರು ಅವಳನ್ನು ಇಲ್ಲೇ ಕೂಡಿಹಾಕಿದ್ದಾರೆ. ಆಚೆ ಹರಿಯುತ್ತಿರುವುದು ಬರೀ ಕಾರ್ಖಾನೆಯ ವಿಷ. ಅದನ್ನು ತೊಳೆಯಲು ಒಂದು ಬೊಗಸೆ ಹೊಳೆನೀರಿಲ್ಲ!” ಎಂದು ಸೀರೆಗೆ ಬಾಯಿ ಹಾಕಿ ಎಳೆಯಿತು.

“ಅಯ್ಯೋ, ಅದು ತಾಯಿಯ ಸೀರೆ!” ಎಂದು ಮೊರ ಕೂಗಿತು.

“ಗೊತ್ತು,” ಎಂದಿತು ನೀರುನಾಯಿ. “ಅವಳ ನೀರು ಸಿಗದೆ ನನ್ನ ಮರಿಗಳು ಆಚೆ ಸತ್ತು ಬಿದ್ದಿವೆ. ಅವಳ ಸೀರೆಯನ್ನಾದರೂ ಹೊದಿಸುತ್ತೇನೆ.”