ಅಳಲೆಕಾಯಿ ಒಗರನ್ನು ಬಿಟ್ಟುಕೊಡಲಿಲ್ಲ

ಭೂಮಿ ಆಗಿನ್ನೂ ಹೊಸದು. ಬೆಟ್ಟಗಳ ಮೈ ಆರಿರಲಿಲ್ಲ, ಹೊಳೆಗಳಿಗೆ ತಮ್ಮ ದಾರಿ ಸರಿಯಾಗಿ ಗೊತ್ತಿರಲಿಲ್ಲ.

ದೇವರು ಮರಗಳನ್ನೆಲ್ಲ ಕರೆದು ಕಾಯಿಗಳಿಗೆ ರುಚಿ ಹಂಚಿದ. ಮಾವಿಗೆ ಸಿಹಿ, ಹುಣಸೆಗೆ ಹುಳಿ, ಬೇವಿಗೆ ಕಹಿ. ಅಳಲೆ ಮರಕ್ಕೆ ಸಿಕ್ಕಿದ್ದು ಒಗರು. ಅದರ ಕಾಯಿ ಕಚ್ಚಿದ ಗಿಳಿ ಉಗುಳಿತು. ಕೋತಿ ಉಗುಳಿದ್ದಲ್ಲದೆ ಮರಕ್ಕೆ ಬೈದೂ ಹೋಯಿತು. ಮರ ತಲೆ ತಗ್ಗಿಸಿ ನಿಂತಿತು.

ಆ ಮರದ ಹತ್ತಿರವೇ, ಹೊಳೆಯ ದಂಡೆಯಲ್ಲಿ ಸಂಕವ್ವನ ಗುಡಿಸಲು. ಲೋಕದಲ್ಲಿ ಮೊದಲು ಬಟ್ಟೆ ನೇಯ್ದವಳು ಅವಳೇ. ಒಂದು ದಿನ ಭೂತಾಯಿ ಅವಳನ್ನು ಕರೆದು, ತಾನು ಬಸುರಿ, ಬರುವ ಹುಣ್ಣಿಮೆಗೆ ಸೀಮಂತ, ಉಡಲು ಕೆಂಪು ಸೀರೆ ಬೇಕು ಎಂದಳು. ಹಸಿರು ಆಗದೇ ತಾಯಿ ಎಂದು ಸಂಕವ್ವ ಕೇಳಿದಳು.

"ಹಸಿರು ನಾನು ದಿನಾ ಉಡೋದೇ ಅಲ್ಲವೇನೇ? ಕೆಂಪು ಉಡಿಸು. ಆದರೆ ತೆಗೆದಷ್ಟೂ ಮತ್ತೆ ಬೆಳೆಯುವ ಬಣ್ಣವಾಗಿರಲಿ, ನನ್ನ ಮೈ ಬರಿದಾಗಬಾರದು."

ಸಂಕವ್ವ ಮಂಜಿಷ್ಠದ ಬಳ್ಳಿಯ ಬುಡ ಕೆದಕಿ, ಅರ್ಧ ಬೇರು ತೆಗೆದು, ಅರ್ಧವನ್ನು ಮಣ್ಣಲ್ಲೇ ಮುಚ್ಚಿ ಕೈಮುಗಿದಳು. ಬೇರು ಕುದಿಸಿ, ತಾನು ನೇಯ್ದ ಬಿಳಿ ಸೀರೆ ಅದ್ದಿದಳು. ಸೀರೆ ಕೆಂಪಗಾಯಿತು. ಹೊಳೆಯಲ್ಲಿ ಜಾಲಿಸಿದಳು. ಸೀರೆ ಬೆಳ್ಳಗಾಯಿತು, ಹೊಳೆ ಕೆಂಪಗಾಯಿತು.

ಮರುದಿನ ಮತ್ತೆ ಅದ್ದಿದಳು, ಮತ್ತೆ ಜಾಲಿಸಿದಳು. ಮತ್ತೆ ಬಿಳಿ.

"ಇವತ್ತೂ ನನಗೇ ಉಡಿಸಿದೆಯಾ ಸಂಕವ್ವ?" ಎಂದು ಹೊಳೆ ನಕ್ಕಿತು. "ನನಗೇ ಚೆನ್ನಾಗಿ ಒಪ್ಪುತ್ತೆ, ಬಿಡು."

ಹುಣ್ಣಿಮೆ ನಾಳೆಗೆ ಬಂತು. ಬಸುರಿಗೆ ಬಿಳಿ ಸೀರೆ ಉಡಿಸಿ ಆರತಿ ಎತ್ತುವುದು ಹೇಗೆ? ಸಂಕವ್ವ ಅಳಲೆ ಮರದ ಕೆಳಗೆ ಕುಸಿದು ಕೂತಳು. ಗಂಟಲು ಒಣಗಿತ್ತು. ಉದುರಿದ್ದ ಒಂದು ಕಾಯಿಯನ್ನು ಬಾಯಿಗೆ ಹಾಕಿಕೊಂಡಳು. ನಾಲಗೆಯನ್ನು ಯಾರೋ ಗಟ್ಟಿಯಾಗಿ ಹಿಡಿದ ಹಾಗಾಯಿತು. ಹೊಳೆಗೆ ಓಡಿ ಬಾಯಿ ಮುಕ್ಕಳಿಸಿದಳು. ಒಗರು ಹೋಗಲಿಲ್ಲ. ಇನ್ನೊಮ್ಮೆ ಮುಕ್ಕಳಿಸಿದಳು. ಆಗಲೂ ಹೋಗಲಿಲ್ಲ.

ಮರ ನಾಚಿಕೊಂಡು, "ತಪ್ಪಾಯಿತವ್ವ. ನನ್ನ ಗುಣವೇ ಹೀಗೆ. ಹಿಡಿದರೆ ಬಿಡಲು ಬರೋದಿಲ್ಲ" ಎಂದಿತು.

ಸಂಕವ್ವ ಬಾಯಿ ಒರೆಸಿಕೊಂಡು ಹೊಳೆಯ ಕಡೆ ನೋಡಿದಳು. ಆಮೇಲೆ ಮರದ ಕಡೆ ನೋಡಿದಳು.

"ಹಾಗಾದರೆ ನನ್ನ ಸೀರೆಯನ್ನೂ ಹಾಗೇ ಹಿಡಿದುಕೋ ಮಾರಾಯ."

ಉದುರಿದ ಕಾಯಿಗಳನ್ನು ಆರಿಸಿ, ಜಜ್ಜಿ, ಆ ರಸದಲ್ಲಿ ಮೊದಲು ಸೀರೆ ನೆನೆಸಿದಳು. ಆಮೇಲೆ ಕೆಂಪಿನಲ್ಲಿ ಅದ್ದಿದಳು. ಬೆಳಗಾಗುತ್ತಲೇ ಹೊಳೆಗೆ ಇಳಿಸಿದಳು.

ಹೊಳೆ ಎಳೆಯಿತು, ಹಿಂಡಿತು, ಬಂಡೆಗೆ ಬಡಿಯಿತು. ಕೆಂಪು ಕದಲಲಿಲ್ಲ. ಕೊನೆಗೆ ಅದು ಏದುಸಿರು ಬಿಡುತ್ತ, "ನಿನ್ನ ಸೀರೆ ನೀನೇ ಇಟ್ಟುಕೊಳ್ಳವ್ವ, ನಾನು ಸೋತೆ" ಎಂದಿತು.

ಭೂತಾಯಿ ಕೆಂಪುಟ್ಟು ಕೂತಳು. ಹಾಡು ಎದ್ದಿತು, ಆರತಿ ಎದ್ದಿತು. ಕೋತಿಯೂ ಊಟಕ್ಕೆ ಬಂತು, ಮರಕ್ಕೆ ನಮಸ್ಕಾರ ಮಾಡಿತು, ಕಾಯಿಗೆ ಮಾತ್ರ ಕೈ ಹಾಕಲಿಲ್ಲ.

ಭೂತಾಯಿ ಸಂತೋಷದಿಂದ ಅಳಲೆಯನ್ನು ಕರೆದು, ಮಾವಿನ ಸಿಹಿಯನ್ನೇ ನಿನಗೂ ಕೊಡಿಸಲೇ ಎಂದಳು. ಮರ ಮೊದಲ ಸಲ ತಲೆ ಎತ್ತಿತು.

"ಬೇಡ ತಾಯಿ. ಇದು ದೇವರು ಕೊಟ್ಟದ್ದು. ಇದೇ ಇರಲಿ."

ಅದಕ್ಕೇ ಮಗು, ಕೆಮ್ಮು ಬಂದಾಗ ಅಜ್ಜಿ ಬಾಯಿಗೆ ಹಾಕುವ ಅಳಲೆಕಾಯಿ ಚೂರು ಇಂದಿಗೂ ನಿನ್ನ ನಾಲಗೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ; ಅವಳ ಹಳೇ ಸೀರೆಯ ಕೆಂಪಂಚು ಎಷ್ಟು ಒಗೆದರೂ ಬಿಡದಿರುವುದು ಅದೇ ಹಿಡಿತದಿಂದ.