ಸಾಲು ಬಿಟ್ಟು ಹೋಗುವವರು

ತಾಲ್ಲೂಕು ಆಸ್ಪತ್ರೆಯಲ್ಲಿ ಚೀಟಿ ಬರೆಯುವ ನೀಲವ್ವನ ಮುಂದೆ ಗೌಡರು ಬಂದು ನಿಂತರು. ಅವರಿಗೆ ನೆಗಡಿಯಾಗಿತ್ತು. ಸಾಲಿನ ಮೊದಲಲ್ಲಿ ಬೀದಿ ಗುಡಿಸುವ ದುರ್ಗವ್ವ, ಜ್ವರದಿಂದ ಸುಡುತ್ತಿದ್ದ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ಬೆಳಗಿನಿಂದ ನಿಂತಿದ್ದಳು.

“ಈ ಕಸಾ ಹೊಡ್ಯಾಕಿನ್ನ ಆಮ್ಯಾಲ ಕಳಸು. ಮೊದಲ ನನ್ನ ಚೀಟಿ ಬರಿ!” ಗೌಡರು ಗುಡುಗಿದರು.

ನೀಲವ್ವ ಎದ್ದು ಕೈಮುಗಿದಳು. “ಆಗ್ಲಿ ಗೌಡ್ರ. ಸಾಲು ಬಿಟ್ಟು ಒಳಗ ಹೋಗೋರು ಮೂರ ಮಂದಿ ನೋಡ್ರಿ. ಹಾವು ಕಡಿದೋರು, ಹುಚ್ಚುನಾಯಿ ಕಡಿದೋರು, ಹೆರಿಗಿ ಬ್ಯಾನಿ ತಿನ್ನೋರು. ನಿಮ್ಮದು ಯಾವುದಂತ ಬರೀಲ್ರಿ?”

ಸಾಲಿಗೆ ಸಾಲೇ ನಕ್ಕಿತು. ಗೌಡರು ಹೊಟ್ಟೆಯ ಮೇಲಿಟ್ಟಿದ್ದ ಕೈಯನ್ನು ಸರಕ್ಕನೆ ತೆಗೆದು, ಸಾಲಿನ ಕೊನೆಗೆ ನಡೆದರು.

“ದುರ್ಗವ್ವಾರ, ಒಳಗ ಬರ್ರಿ,” ಎಂದು ನೀಲವ್ವ ಗಟ್ಟಿಯಾಗಿ ಕರೆದಳು. ತನ್ನ ಹೆಸರನ್ನು ಯಾರಾದರೂ ಇಷ್ಟು ಮರ್ಯಾದೆಯಿಂದ ಕರೆದದ್ದನ್ನು ದುರ್ಗವ್ವ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಸೆರಗು ಸರಿಮಾಡಿಕೊಂಡು, ತಲೆಯೆತ್ತಿ ಒಳಗೆ ನಡೆದಳು.